ಹೆಬ್ಬೆರಳಿನಿಂದ ಗುಣವಾದ ಊರು

ಫೋನಿನೊಳಗೆ ಕುಳಿತು ನಮ್ಮ ಆರೋಗ್ಯವನ್ನು ಸಂಶೋಧಿಸುತ್ತಿರುವ ಮಾನ್ಯ ಸಂದೇಶ ಯಂತ್ರದವರ ಸನ್ನಿಧಾನಕ್ಕೆ, ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ಚಪ್ಪರದ ಕೆಳಗಿನಿಂದ ರಂಗಮ್ಮಾಳ್ ಕೈಮುಗಿದು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾವು ಕ್ಷೇಮವೆಂದು ತಾವೇ ವರದಿ ಬರೆದು ಮುಗಿಸಿರುವುದರಿಂದ, ಆ ವಿಷಯದಲ್ಲಿ ನಾನು ಬಾಯಿ ಹಾಕುವುದು ಅಧಿಕಪ್ರಸಂಗವಾದೀತು.

ಆ ವರದಿಯಲ್ಲಿ ನಮ್ಮನ್ನು ‘ತಲುಪಲು ಕಷ್ಟವಾದ ಜನ’ ಎಂದು ಕರೆದಿದ್ದೀರಂತೆ. ಕಂಬಂನಿಂದ ಬಸ್ಸು ದಿನವಿಡೀ ಬರುತ್ತದೆ, ಹಣ್ಣಿನ ವ್ಯಾಪಾರಿಯ ಲಾರಿ ತೋಟದ ಬಾಯಿಗೇ ಬಂದು ನಿಲ್ಲುತ್ತದೆ, ವೋಟು ಕೇಳುವವರು ಅಡುಗೆಮನೆಯ ತನಕ ಬಂದು ಹೋಗುತ್ತಾರೆ; ತಮಗೆ ಮಾತ್ರ ನಾವು ಹಿಮಾಲಯದ ಋಷಿಗಳಷ್ಟು ದುರ್ಲಭರಾದೆವೆಂದರೆ ಅದು ನಮ್ಮ ಪೂರ್ವಜನ್ಮದ ಪುಣ್ಯವೇ ಸರಿ. ಆದ್ದರಿಂದ ತಾವು ವಾಟ್ಸಾಪಿನಲ್ಲಿ ದಯಮಾಡಿಸಿದಿರಿ.

ನಮ್ಮ ಮನೆಗಿರುವುದು ಒಂದೇ ಫೋನು. ಅದು ಮನೆಯ ಹಿರಿಯರಾದ ನನ್ನ ಮಾವ ಅಯ್ಯಾವು ಅವರ ಅಂಗಿ ಜೇಬಿನಲ್ಲಿ ವಾಸ, ಅವರು ಟೀ ಅಂಗಡಿಯಲ್ಲಿ ವಾಸ. ಯಾರಾದರೂ ಮದುವೆಗೆ ಕರೆಯಲಿ, ಸಾವಿನ ಸುದ್ದಿ ತಿಳಿಸಲಿ, ಉತ್ತರವಾಗಿ ಹೆಬ್ಬೆರಳಿನ ಚಿತ್ರ ಒತ್ತುವುದು ನಮ್ಮ ಬೀದಿಯ ಹಿರಿಯರ ಮರ್ಯಾದೆ. ಕಂಡೆನಪ್ಪಾ ಎಂದಷ್ಟೇ ಅದರ ಅರ್ಥ. ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ತಾವು ಕೇಳಿದಾಗ ಆ ಎಪ್ಪತ್ತರ ಮುದುಕರು ನಾಚಿ ನೀರಾಗಿ, ಟೀ ಲೋಟ ಕೆಳಗಿಟ್ಟು, ಬೇಗನೆ ಹೆಬ್ಬೆರಳು ಒತ್ತಿ ಫೋನನ್ನು ಕವುಚಿ ಹಾಕಿದರು. ತಾವು ಸರಿಯಾಗಿದೆಯೆಂದು ಬರೆದುಕೊಂಡಿರಿ. ಇಂಥ ಮಾವನನ್ನು ಪಡೆದ ಸೊಸೆ ಈ ಕಣಿವೆಯಲ್ಲಿ ಇನ್ನೊಬ್ಬಳಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನ್ನ ನಾದಿನಿ ಚೆಲ್ಲಮ್ಮಾಳ್, ಅದೇ ಅಯ್ಯಾವು ಅವರ ಮಗಳು, ದ್ರಾಕ್ಷಿಗೆ ಔಷಧಿ ಹೊಡೆದ ಮರುದಿನವೇ ಚಪ್ಪರದಡಿ ಕೈಯೆತ್ತಿ ನಿಂತು ಬಳ್ಳಿ ಕಟ್ಟುವವಳು. ಅವಳಿಗೆ ಉಸಿರು ಸಿಕ್ಕಿಕೊಳ್ಳುತ್ತದೆ, ಬೆರಳಿನ ಚರ್ಮ ಒಡೆದು ಸುಲಿಯುತ್ತದೆ. ಎದೆಯ ಡಾಕ್ಟರು ಊರಿಗೇ ಶಿಬಿರಕ್ಕೆ ಬರುತ್ತಾರೆಂದು ತಾವು ಹೇಳಿದ ದಿನದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮನೆಯಲ್ಲಿ ಯಾರಿಗಾದರೂ ಉಸಿರಾಟದ ತೊಂದರೆ ಇದೆಯೇ ಎಂಬ ತಮ್ಮ ಪ್ರಶ್ನೆಗೂ ಮಾವನ ಹೆಬ್ಬೆರಳೇ ಹೋಗಿತ್ತು, ತಾವು ಅದನ್ನೂ ಎಲ್ಲರೂ ಸೌಖ್ಯವೆಂದು ಓದಿಕೊಂಡಿರಿ. ಬೀದಿಯ ಉಳಿದ ಹಿರಿಯರೂ ಮರ್ಯಾದೆ ತಪ್ಪುವವರಲ್ಲ. ಊರಿಗೆ ಊರೇ ಗಟ್ಟಿಮುಟ್ಟಾಗಿದೆಯೆಂದು ತಿಳಿದು ತಾವು ಶಿಬಿರವನ್ನು ಆಂಡಿಪಟ್ಟಿಗೆ ಸಾಗಿಸಿದಿರಿ. ಒಂದು ಮಾತ್ರೆಯನ್ನೂ ಕೊಡದೆ ಇಡೀ ಊರನ್ನು ಗುಣಪಡಿಸಿದವರು ಧನ್ವಂತರಿಯ ನಂತರ ತಾವೇ ಇರಬೇಕು.

ಸುದ್ದಿ ಬಂದಾಗ ಚೆಲ್ಲಮ್ಮಾಳ್ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. “ಅಣ್ಣಿ, ನಾ ಸೌಕ್ಯ ಅಂತ ಯಾರು ಹೇಳಿದ್ದು? ನನ್ನ ಯಾರೂ ಕೇಳ್ಲೇ ಇಲ್ಲವಲ್ಲ” ಎಂದು ಅತ್ತಿಗೆಯಾದ ನನ್ನನ್ನು ಕೇಳಿದಳು. ಮಾವ ತಲೆ ಬಗ್ಗಿಸಿಕೊಂಡು, ಮೊದಲ ಸಲ, ಫೋನನ್ನು ಮಗಳ ಕೈಗೆ ಕೊಟ್ಟರು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಔಷಧಿ ಹೊಡೆದ ಮರುದಿನ ಫೋನಿನಿಂದ ಇಳಿದು ಬಂದು, ಮೂಗಿಗೆ ಸೆರಗು ಕಟ್ಟಿಕೊಂಡು ನಮ್ಮ ಚಪ್ಪರದಡಿ ಒಂದು ಬೆಳಗು ನಿಲ್ಲಬೇಕು. ಸೆರಗು ನಾನು ಕೊಡುತ್ತೇನೆ. ಮೂಗನ್ನು ತಾವು ಸಂಶೋಧನಾ ನಿಧಿಯಿಂದ ತರಿಸಿಕೊಳ್ಳಬೇಕು. ಅದಾಗದಿದ್ದರೆ ಎದೆಯ ಡಾಕ್ಟರನ್ನು ಒಂದು ದಿನ ಕಂಬಂನಲ್ಲಿ ಬಸ್ಸು ಹತ್ತಿಸಿದರೂ ಸಾಕು, ಎಲ್ಲಿ ಇಳಿಯಬೇಕೆಂದು ಕಂಡಕ್ಟರ್ ಹೇಳುತ್ತಾರೆ.

ತಲುಪಲು ಕಷ್ಟವಾದರೂ ಇದ್ದಲ್ಲೇ ಇರುವ,
ತಮ್ಮ ವಿಶ್ವಾಸಿ,
ರಂಗಮ್ಮಾಳ್

ಮರೆತಿದ್ದ ಮಾತು: ಆ ಸುದ್ದಿಯ ಜೊತೆಗೇ, ಉತ್ತರ ತಿದ್ದಲು ಅಂದು ಸಂಜೆಯವರೆಗೆ ಅವಕಾಶವಿದೆಯೆಂದು ತಾವು ತಿಳಿಸಿದ್ದಿರಿ. ‘ತೊಂದರೆ ಇದೆ’ ಎಂಬುದನ್ನು ಚೆಲ್ಲಮ್ಮಾಳ್ ಒತ್ತಿದಳು, ಬೆರಳು ಒರೆಸಿಕೊಂಡು ಮತ್ತೆ ಒತ್ತಿದಳು. ಸುಲಿದ ಹೆಬ್ಬೆರಳಿನ ಗುರುತೇ ತಮ್ಮ ಗಾಜಿಗೆ ಸಿಗಲಿಲ್ಲ. ನಾನು ಒತ್ತಿಕೊಡಲು ಹೋದರೆ, “ಬೇಡ ಅಣ್ಣಿ, ನನ್ನ ಬದಲು ಬೇರೆಯವ್ರು ಒತ್ತಿದ್ದು ಸಾಕು” ಎಂದಳು. ಸಂಜೆ ತಮ್ಮ ಸಂದೇಶ ಬಂತು: ಹೊಸ ಉತ್ತರ ಬಂದಿಲ್ಲವಾದ್ದರಿಂದ ಹಳೆಯದೇ ಉಳಿಯುತ್ತದೆ, ಧನ್ಯವಾದಗಳು. ಅದಕ್ಕೆ ಮಾತ್ರ ಮಾವ ಹೆಬ್ಬೆರಳು ಒತ್ತಲಿಲ್ಲ.