ನಮ್ಮ ಓಣಿಗೊಂದು ಮಳೆನೀರಿನ ಟ್ಯಾಂಕು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಪಡೆದವನು ಮುಂದೆ ಗೃಹಸ್ಥನಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಅಭಿಪ್ರಾಯದ ವಿರುದ್ಧವೂ ನಾನು ಅಷ್ಟೇ ಸಮರ್ಥವಾಗಿ ಮಾತನಾಡಬಲ್ಲೆ ಎಂಬುದೇ ನನ್ನ ಸಂಸಾರದ ಮುಖ್ಯ ತೊಂದರೆ. ನಮಗೆ ಚರ್ಚೆ ಕಲಿಸಿದ ಪ್ರಾಧ್ಯಾಪಕರು ವೇದಿಕೆ ಹತ್ತುವ ಮುನ್ನ ಹಠಾತ್ತನೆ ನಮ್ಮ ಪಕ್ಷವನ್ನು ಬದಲಿಸಿಬಿಡುತ್ತಿದ್ದರು. ಮದ್ಯಪಾನ ನಿಷೇಧದ ಪರವಾಗಿ ವಾರವಿಡೀ ಓದಿಕೊಂಡು ಬಂದವನು ಅದರ ವಿರುದ್ಧ ಮಾತನಾಡಿ ಕಪ್ಪು ಗೆದ್ದುಕೊಂಡು ಮನೆಗೆ ಹೋಗಬೇಕಾಗುತ್ತಿತ್ತು. ಅಂಥ ತರಬೇತಿಯಿಂದ ಬುದ್ಧಿ ಹರಿತವಾಗುತ್ತದೆ, ನಿಜ. ಆದರೆ ತರಕಾರಿ ಅಂಗಡಿಯಲ್ಲಿ ಬದನೆಕಾಯಿಯೋ ಬೆಂಡೆಕಾಯಿಯೋ ಎಂಬ ಪ್ರಶ್ನೆ ಎದುರಾದಾಗ ಎರಡೂ ಪಕ್ಷಗಳ ವಾದವನ್ನು ಆಲಿಸಿ, ಖಾಲಿ ಚೀಲದೊಂದಿಗೆ ಮರಳಿ ಬಂದವನು ನಾನು.

ನಮ್ಮದು ತಮಿಳುನಾಡಿನ ಅನ್ನೂರಿನ ಕಡೆಯ ನೇಕಾರರ ಕೇರಿ. ನಗರದ ಗಾಂಧಿಪುರಂನಿಂದ ಟೌನ್ ಬಸ್ಸಿನಲ್ಲಿ ಸೀಟು ಸಿಕ್ಕರೆ ಒಂದು ಒಳ್ಳೆಯ ನಿದ್ದೆಯಷ್ಟು ದೂರ. ಸಿಗದಿದ್ದರೆ ದೂರವನ್ನು ಹೇಳದಿರುವುದೇ ಲೇಸು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ನಗರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಬೋಧಿಸುತ್ತೇನೆ. ನನ್ನ ಹೆಂಡತಿ ರುಕ್ಮಿಣಿ ಮನೆಯ ಹಿಂದಿನ ಹೆಂಚಿನ ಮಾಡಿನಲ್ಲಿ, ನನ್ನ ಅಜ್ಜನ ಕಾಲದ ಕುಳಿಮಗ್ಗದಲ್ಲಿ ಸೀರೆ ನೇಯುತ್ತಾಳೆ. ಊರನ್ನು ತಿದ್ದುವ ಕೆಲಸವನ್ನು ನಾನು ವಹಿಸಿಕೊಂಡಿರುವುದರಿಂದ ಮನೆಯನ್ನು ನಡೆಸುವ ಕೆಲಸ ಸಹಜವಾಗಿ ಅವಳ ಪಾಲಿಗೆ ಬಂದಿದೆ. ಮಳೆನೀರಿನ ಮಹತ್ವವನ್ನು ಸಾರುವ ಕರಪತ್ರವೊಂದನ್ನು ನಾನು ಅಚ್ಚ ಕನ್ನಡದಲ್ಲಿ ಬರೆದು ಮುದ್ರಿಸಿ ಕೇರಿಗೆಲ್ಲ ಹಂಚಿದ್ದೆ. ಎಲ್ಲರೂ ಗೌರವದಿಂದ ಎರಡೂ ಕೈಯಲ್ಲಿ ತೆಗೆದುಕೊಂಡರು. ಕನ್ನಡ ಲಿಪಿ ಓದಬಲ್ಲವನು ಆ ಕೇರಿಯಲ್ಲಿ ನಾನೊಬ್ಬನೇ ಎಂಬ ಸಂಗತಿ ಹಂಚಿ ಮುಗಿದ ಮೇಲೆ ಹೊಳೆಯಿತು.

ಮಳೆನೀರು ನಮಗೆ ಭಾಷಣದ ವಸ್ತು ಮಾತ್ರವಾಗಿರಲಿಲ್ಲ. ನಗರದ ನೆಂಟರ ಮನೆಗೆ ಹೋದರೆ ಕಾಫಿಗೂ ಮೊದಲು ಒಂದು ಲೋಟ ಸಿರುವಾಣಿ ಹೊಳೆಯ ಸಿಹಿನೀರು ಕೊಟ್ಟು, ನಾವು ಕುಡಿಯುವವರೆಗೂ ನಮ್ಮ ಮುಖ ನೋಡುತ್ತ ನಿಲ್ಲುತ್ತಾರೆ. ನಮ್ಮ ಕಡೆಗೆ ಬೋರ್‌ವೆಲ್ಲಿನ ಉಪ್ಪುನೀರೇ ಗತಿ. ಕುಡಿಯಲು ಕ್ಯಾನ್ ತರಿಸಬಹುದು, ಮಗ್ಗಕ್ಕೆ ತರಿಸುವವರುಂಟೇ? ನೇಯುವ ಮುನ್ನ ಸೀರೆಯ ಉದ್ದದ ಎಳೆಗಳನ್ನೆಲ್ಲ ಬಿಗಿಯಾಗಿ ಚಾಚಿ ಕಟ್ಟಿ, ಗಂಜಿ ಹಚ್ಚಿ ಒಣಗಿಸಬೇಕು. ಇದಕ್ಕೆ ನಮ್ಮಲ್ಲಿ ಪಾವು ಹಾಸುವುದು ಎನ್ನುತ್ತಾರೆ. ಗಂಜಿಯನ್ನು ಉಪ್ಪುನೀರಿನಲ್ಲಿ ಕಾಯಿಸಿದರೆ ನೂಲು ಒರಟಾಗಿ, ಮಗ್ಗಕ್ಕೆ ಏರಿದ ಮೇಲೆ ಪಟಪಟನೆ ಹರಿಯುತ್ತದೆ. ನೇಯುವುದಕ್ಕಿಂತ ಗಂಟು ಹಾಕುವುದೇ ಹೆಚ್ಚಾಗುತ್ತದೆ. ಮಳೆನೀರಿನ ಗಂಜಿಯಾದರೆ ಎಳೆ ಮಾತು ಕೇಳುತ್ತದೆ. "ಐಪ್ಪಸಿ ಮಳೆ ಬರೋದ್ರೊಳಗೆ ಅಂಗಡಿಯಿಂದ ಒಂದು ಟ್ಯಾಂಕು ವಾಂಗಿಬಿಡಿ. ತೈ ಮಾಸದ ಮದುವೆ ಸೀರೆಗಳಿಗೆ ಅಷ್ಟು ನೀರಿದ್ರೆ ಸಾಕು" ಎಂದು, ದೀಪಾವಳಿಯ ತಿಂಗಳ ಮಳೆಯನ್ನೂ ಸಂಕ್ರಾಂತಿಯ ನಂತರದ ಮದುವೆಗಳನ್ನೂ ಲೆಕ್ಕ ಹಾಕಿ, ರುಕ್ಮಿಣಿ ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ.

ಕೇಳಿದ್ದು ಅರ್ಥಶಾಸ್ತ್ರದ ಅಧ್ಯಾಪಕನನ್ನು. ಮಾಡಿನ ವಿಸ್ತೀರ್ಣವನ್ನು ಮಳೆಯ ಪ್ರಮಾಣದಿಂದ ಗುಣಿಸಿ, ಹೆಂಚು ಹೀರುವುದನ್ನೂ ಗಾಳಿ ಹಾರಿಸುವುದನ್ನೂ ಕಳೆದು, ಐದು ಸಾವಿರ ಲೀಟರಿನ ಟ್ಯಾಂಕು ಬೇಕೆಂದು ನಾನು ಸಾಧಿಸಿದೆ. ಆಡಿ ತಿಂಗಳ, ಎಂದರೆ ಆಷಾಢದ ಗಾಳಿ ತನ್ನ ಮಳೆಯನ್ನೆಲ್ಲ ಕೇರಳದಲ್ಲೇ ಇಳಿಸಿ, ಪಾಲಕ್ಕಾಡಿನ ಕಣಿವೆ ದಾಟಿ ಬರಿಗೈಯಲ್ಲಿ ನಮ್ಮ ಕಡೆ ಬರುತ್ತದೆ. ಆದ್ದರಿಂದ ಐಪ್ಪಸಿಯಲ್ಲಿ ಬಿದ್ದ ಒಂದು ಹನಿಯನ್ನೂ ಬಿಡತಕ್ಕದ್ದಲ್ಲ ಎಂಬುದು ನನ್ನ ಮೊದಲ ಅಂಶ. ರುಕ್ಮಿಣಿ ನನ್ನನ್ನು ಮನೆಯ ಪಕ್ಕದ ಓಣಿಗೆ ಕರೆದುಕೊಂಡು ಹೋದಳು. ಟ್ಯಾಂಕಿಡಲು ನಮಗಿರುವ ಜಾಗ ಅದೊಂದೇ. ಅವಳು ಪಾವು ಹಾಸುವ ಜಾಗವೂ ಅದೊಂದೇ.

"ಅಷ್ಟು ದಪ್ಪ ಟ್ಯಾಂಕು ಇಲ್ಲಿ ಕೂತ್ರೆ ಪಾವು ಎಲ್ಲಿ ಹಾಸೋದು? ನಿಮ್ಮ ತಲೆ ಮೇಲಾ?" ಎಂದಳು.

ಇದು ಗಂಭೀರವಾದ ಆಕ್ಷೇಪಣೆ. ಮಗ್ಗಕ್ಕಾಗಿ ನೀರು, ಆ ನೀರಿಗಾಗಿ ಟ್ಯಾಂಕು, ಆ ಟ್ಯಾಂಕಿನಿಂದಾಗಿ ಮಗ್ಗಕ್ಕೇ ಸಂಚಕಾರ. ಸಣ್ಣದು ತಂದರೆ ಓಣಿ ಉಳಿಯುತ್ತದೆ, ಬೇಸಿಗೆಗೆ ನೀರು ಉಳಿಯುವುದಿಲ್ಲ. ಇಂಥ ಪ್ರಶ್ನೆಯನ್ನು ಪ್ರಜಾಸತ್ತಾತ್ಮಕವಾಗಿಯೇ ಬಿಡಿಸಬೇಕೆಂದು ನಿರ್ಧರಿಸಿ, ಒಂದು ಭಾನುವಾರ ಮನೆಯ ಜಗಲಿಯಲ್ಲಿ ಪಟ್ಟಿಮನ್ರಂ ಏರ್ಪಡಿಸಿದೆ. ತಮಿಳುನಾಡಿನಲ್ಲಿ ಹಬ್ಬದ ಬೆಳಗ್ಗೆ ಟಿವಿ ಹಾಕಿದರೆ ಈ ವಾದಸಭೆ ತಪ್ಪಿದ್ದಲ್ಲ: ಎರಡು ತಂಡ, ನಡುವೆ ತೀರ್ಪು ಹೇಳುವ ನಡುವರ್. ನಡುವರ್ ಸ್ಥಾನಕ್ಕೆ ನನ್ನ ಅಮ್ಮನನ್ನು ಕೂರಿಸಿದೆ. ವಿರೋಧ ಪಕ್ಷದ ಏಕೈಕ ಸದಸ್ಯೆ ಮಾತ್ರ "ನಂಗೆ ವೇಲೆ ಇದೆ" ಎಂದು ತನ್ನ ಕೆಲಸಕ್ಕೆ ಮಗ್ಗದ ಕುಳಿಗೆ ಇಳಿದುಬಿಟ್ಟಳು.

ಎದುರಾಳಿ ಗೈರುಹಾಜರಾದರೆಂದು ಗೆಲುವು ಸಾರಿಕೊಳ್ಳುವುದು ನನ್ನ ಆತ್ಮಸಾಕ್ಷಿಗೆ ಒಪ್ಪಲಿಲ್ಲ. ಮೊದಲು ದೊಡ್ಡ ಟ್ಯಾಂಕಿನ ಪರವಾಗಿ ಮಾತನಾಡಿದೆ. ಬಳಿಕ ಎದುರಿನ ಕುರ್ಚಿಗೆ ಹೋಗಿ ಕುಳಿತು, ಎದ್ದು ನಿಂತು, ರುಕ್ಮಿಣಿಯ ಪರವಾಗಿ ಸಣ್ಣ ಟ್ಯಾಂಕಿಗಾಗಿ ಮಾತನಾಡಿದೆ. ಹೆಣ್ಣಿನ ದುಡಿಮೆಯ ಜಾಗವನ್ನು ಗಂಡಸಿನ ಆದರ್ಶ ಹೇಗೆ ನುಂಗಿಹಾಕುತ್ತದೆ ಎಂಬ ಕಡೆಯ ಭಾಗಕ್ಕೆ ಬಂದಾಗ ಕುರ್ಚಿಯ ಬೆನ್ನನ್ನು ಎರಡು ಸಲ ಗುದ್ದಿದೆ. ಒಳಗಿನ ಲಾಳಿಯ ಸದ್ದು ಕ್ಷಣಕಾಲ ನಿಂತದ್ದನ್ನು ಗಮನಿಸಿ ಹಿಗ್ಗಿದೆ. ಆಮೇಲೆ ತಿಳಿಯಿತು, ಎಳೆ ಹರಿದಿತ್ತಂತೆ.

ಅಮ್ಮ ಕಣ್ಣು ತೆರೆದು ತೀರ್ಪು ಹೇಳಿದಳು: "ಮೊದಲು ಮಾತಾಡಿದವನು ಸುಮ್ಮನೆ ಗಂಟಲು ಹರಿಯೋ ಹಾಗೆ ಕತ್ತಿದ. ಎರಡನೇದಾಗಿ ಮಾತಾಡಿದವನು ಒಳ್ಳೆ ಪಿಳ್ಳೆ. ಮನೆ ಕಷ್ಟ ಗೊತ್ತು. ಅವನಿಗೆ ಕಾಫಿ ಕೊಡು ರುಕ್ಕು."

"ಇಬ್ಬರೂ ನಾನೇ ಅಮ್ಮ."

"ಗೊತ್ತು ನನ್ನ ಕಣ್ಣು. ಆ ಮೊದಲನೇವನ ಜೊತೆ ಸೇರಬೇಡ."

ನನ್ನನ್ನು ಯಾರಾದರೂ ಸೋಲಿಸಿದರೆ ಸಹಿಸಿಯೇನು. ನಾನೇ ಸೋಲಿಸಿದರೆ ಸಹಿಸುವುದು ಹೇಗೆ? ಎರಡೂ ಪಕ್ಷಗಳನ್ನು ಸಮನ್ವಯಗೊಳಿಸುವ ಮೂರನೆಯ ಮಾರ್ಗವೊಂದು ಇರಲೇಬೇಕೆಂದು ಗಾಂಧಿಪುರಂನ ಟ್ಯಾಂಕಿನ ಅಂಗಡಿಗೆ ಹೋದೆ. ಇತ್ತು! ಕಂಬದಂತೆ ಸಪೂರವಾದ, ಎತ್ತರದ ಟ್ಯಾಂಕು. ಎರಡು ಸಾವಿರ ಲೀಟರ್ ನೀರು ಹಿಡಿದೂ ಕೋಲು ನಿಂತಂತೆ ನಿಲ್ಲುತ್ತದೆ. ಓಣಿಯ ತುದಿಯಲ್ಲಿ ಪಾವನ್ನು ಎಳೆದು ಕಟ್ಟುವ ಬೇವಿನ ಗೂಟವನ್ನು ಕಿತ್ತು ಅಲ್ಲೇ ಇಟ್ಟರೆ ಓಣಿಯ ಉದ್ದಕ್ಕೆ ಧಕ್ಕೆಯಿಲ್ಲ. ಗೂಟದ ಕೆಲಸವನ್ನೂ ಟ್ಯಾಂಕೇ ಮಾಡುತ್ತದೆ. ನನ್ನ ಈ ವಾದವನ್ನು ಅಂಗಡಿಯವರು ಬಹಳ ತಾಳ್ಮೆಯಿಂದ ಕೇಳಿದರು. ನಡುವೆ "ಸರಿಂಗ ಸಾರ್, ನಿಮ್ಮ ಸೂರು..." ಎಂದು ಏನೋ ಕೇಳಲು ಬಾಯಿ ತೆರೆದರು. ನನ್ನ ಎರಡನೆಯ ಅಂಶ ಇನ್ನೂ ಮುಗಿದಿರಲಿಲ್ಲ. ಮೂರನೆಯದು ಮುಗಿಯುವಷ್ಟರಲ್ಲಿ ಅವರು ಬೇರೆ ಗಿರಾಕಿಯನ್ನು ನೋಡಲು ಹೋಗಿದ್ದರು.

ಟ್ಯಾಂಕು ಬಂತು. ಗೂಟವಿದ್ದ ಜಾಗದಲ್ಲಿ ಎದ್ದು ನಿಂತಿತು. ನಾನು ಕೈಕಟ್ಟಿಕೊಂಡು ಅದರ ಪಕ್ಕದಲ್ಲಿ ನಿಂತೆ. ಅಮ್ಮ ಕೋಲೂರಿಕೊಂಡು ಬಂದು ತಲೆಯೆತ್ತಿ ನೋಡಿದಳು.

"ಮಳೆ ನೀರು ಇದರೊಳಗೆ ಎಲ್ಲಿಂದ ಬೀಳುತ್ತೆ ಕಣ್ಣು?"

"ಸೂರಿನಿಂದ ಅಮ್ಮ. ಪೈಪು ಹಾಕಿ..."

"ಸೂರು ಇಲ್ಲಿದೆ," ಎಂದು ತನ್ನ ಹಣೆಯ ಮೇಲೆ ಕೈಯಿಟ್ಟು ತೋರಿಸಿದಳು. ಆಮೇಲೆ ಕೋಲನ್ನು ಆಕಾಶಕ್ಕೆ ಎತ್ತಿ, "ಟ್ಯಾಂಕಿನ ಬಾಯಿ ಅಲ್ಲಿದೆ. ಇಲ್ಲಿಂದ ಅಲ್ಲಿಗೆ ನೀರಿಗೆ ಯಾರು ಹೇಳೋದು? ನೀನಾ?"

ಮಗ್ಗದ ಮಾಡು ತಗ್ಗಾಗಿರುತ್ತದೆ. ಹುಟ್ಟಿದಂದಿನಿಂದ ಆ ಸೂರಿಗೆ ಹಣೆ ಬಡಿಸಿಕೊಂಡೇ ಬೆಳೆದವನು ನಾನು. ವಿಸ್ತೀರ್ಣ ಗುಣಿಸಿದ್ದೆ, ಮಳೆ ಗುಣಿಸಿದ್ದೆ, ಓಣಿಯ ಅಗಲ ಅಳೆದಿದ್ದೆ. ಎತ್ತರವೊಂದು ನನ್ನ ಯಾವ ಅಂಶದಲ್ಲೂ ಬಂದಿರಲಿಲ್ಲ. ನೀರಿಗೆ ಎರಡು ಪಕ್ಷಗಳಿಲ್ಲ. ಅದು ಇಳಿಯುವ ಪಕ್ಷಕ್ಕೆ ಮಾತ್ರ ಸೇರಿದ್ದು.

ಅನಾಹುತ ಅಲ್ಲಿಗೇ ನಿಲ್ಲಲಿಲ್ಲ. ಮಾರನೆಯ ಬೆಳಗ್ಗೆ ರುಕ್ಮಿಣಿ ಬೇರೆ ದಾರಿಯಿಲ್ಲದೆ ಪಾವಿನ ತುದಿಯನ್ನು ಟ್ಯಾಂಕಿಗೇ ಕಟ್ಟಿ ಎಳೆದಳು. ಖಾಲಿ ಟ್ಯಾಂಕು ಮೊದಲು ವಿನಯದಿಂದ ತಲೆಬಾಗಿಸಿತು, ಆಮೇಲೆ ಅವಳ ಕಡೆಗೆ ನಡೆದೇ ಬಂತು. ಅದಕ್ಕೆ ತೂಕ ಬೇಕಿತ್ತು. ತೂಕಕ್ಕೆ ನೀರು ಬೇಕಿತ್ತು. ನಮ್ಮಲ್ಲಿದ್ದದ್ದು ಬೋರ್‌ವೆಲ್ ನೀರು. ಹೀಗೆ ಅನ್ನೂರು ಕಡೆಯ ಮೊತ್ತಮೊದಲ ಆದರ್ಶ ಮಳೆನೀರಿನ ಟ್ಯಾಂಕಿಗೆ ನಾನೇ ಮೋಟಾರು ಹಾಕಿ, ಕಂಠಪೂರ್ತಿ ಉಪ್ಪುನೀರು ತುಂಬಿಸಿದೆ.

ಐಪ್ಪಸಿ ಮಳೆ ಬಂತು. ಎಂದೂ ಇಲ್ಲದಷ್ಟು ಚೆನ್ನಾಗಿ ಬಂತು. ಟ್ಯಾಂಕಿನ ಪಕ್ಕದಲ್ಲೇ ಸೂರಿನ ನೀರೆಲ್ಲ ಓಣಿಯಲ್ಲಿ ಹರಿದು ಬೀದಿಗೆ ಹೋಯಿತು. ರುಕ್ಮಿಣಿ ತವರಿನಿಂದ ಉಡುಗೊರೆಯ ಸೀರಾಗಿ ಬಂದ ಹಿತ್ತಾಳೆಯ ಹಂಡೆಗಳನ್ನೂ ನೂಲು ನೆನೆಸುವ ತೊಟ್ಟಿಯನ್ನೂ ಸೂರಿನ ಕೆಳಗೆ ಸಾಲಾಗಿಟ್ಟಳು. ತೈ ಮಾಸದ ಸೀರೆಗಳು ಅದರಲ್ಲಿ ಹೇಗೋ ದಾಟಿದವು. ಮಾಸಿ ತಿಂಗಳಿಗೆ, ಶಿವರಾತ್ರಿಯ ಹೊತ್ತಿಗೆ, ಹಂಡೆಗಳ ತಳ ಕಂಡಿತು. ವೈಶಾಖದ, ನಮ್ಮ ವೈಕಾಸಿಯ, ಮುಹೂರ್ತಕ್ಕೆಂದು ಒಪ್ಪಿಕೊಂಡಿದ್ದ ಒಂದು ಮದುವೆ ಸೀರೆಯನ್ನು ಅವಳು ಬೇರೆಯವರ ಮಗ್ಗಕ್ಕೆ ಬಿಟ್ಟುಕೊಟ್ಟಳು. ಅದನ್ನು ನನಗೆ ಹೇಳಲೂ ಇಲ್ಲ. ಹೇಳಿದ್ದರೆ ನಾನೇನಾದರೂ ಉತ್ತರ ಕೊಡುತ್ತಿದ್ದೆ. ಅವಳಿಗೆ ಅದು ಬೇಕಿರಲಿಲ್ಲ. ಗಂಜಿ ಹಚ್ಚುವ ಬ್ರಷ್ಷು ಒಣಗಿ ಮೊಳೆಗೆ ನೇತಾಡುತ್ತಿದ್ದುದನ್ನು ನೋಡಿ ನಾನೇ ಅರ್ಥಮಾಡಿಕೊಂಡೆ.

ಇದೇ ಹೊತ್ತಿಗೆ ಕೇರಿಯಲ್ಲಿ ನನ್ನ ಕೀರ್ತಿ ಹಬ್ಬತೊಡಗಿತ್ತು. ಉರಿಬಿಸಿಲಿನ ಚಿತ್ತಿರೈಯಲ್ಲೂ ತುಂಬಿ ತುಳುಕುವ ಟ್ಯಾಂಕನ್ನು ತಟ್ಟಿ ನೋಡಿ, ಎದುರುಮನೆಯ ಪಳನಿಸಾಮಿ "ಸಾರ್ ಮಾತಾಡೋದು ಮಾತ್ರ ಅಂದ್ಕೊಂಡಿದ್ವಿ. ಒಂದು ವರ್ಷದ ಮಳೇನ ಹಾಗೇ ಹಿಡಿದು ನಿಲ್ಲಿಸಿದ್ದೀರಲ್ಲ!" ಎಂದರು. ಸತ್ಯವನ್ನೇ ನುಡಿಯಬೇಕೆಂಬ ವ್ರತದವನಾದ ನಾನು ಬಾಯಿ ತೆರೆದೆ. ಆದರೆ ಆ ಸತ್ಯಕ್ಕೆ ಪೀಠಿಕೆ ಬೇಕಿತ್ತು. ಪೀಠಿಕೆ ಮುಗಿಯುವ ಮೊದಲೇ ಅವರು ಹೊರಟುಹೋಗಿದ್ದರು.

ಪರಿಹಾರ ಹೇಳಿದವಳು ಅಮ್ಮ. ಅದೂ ಬೈಗುಳದ ರೂಪದಲ್ಲಿ. "ಕಾಲಿಳಿಸಿ ಕೂರೋಕೆ ನೆಲದಲ್ಲಿ ಕುಳಿ ತೋಡಿ ಮಗ್ಗ ಹೂಡಿದ ಕುಲ ಕಣೋ ನಮ್ಮದು. ಟ್ಯಾಂಕು ಉದ್ದ ಆಯ್ತು ಅಂತ ವರ್ಷ ಪೂರ್ತಿ ಅದರ ಮುಖ ನೋಡಿದ್ದೀಯಲ್ಲ, ಅದಕ್ಕೂ ಒಂದು ಕುಳಿ ತೋಡೋಕೆ ನಿನಗೆ ಯಾವ ಕಾಲೇಜಿನವರು ಹೇಳಬೇಕು?" ಟ್ಯಾಂಕನ್ನು ಸೊಂಟದಾಳದ ಗುಂಡಿಯಲ್ಲಿ ಇಳಿಸಿದರೆ ಬಾಯಿ ಸೂರಿನ ಕೆಳಗೆ ಬರುತ್ತದೆ, ಮಣ್ಣು ಬಿಗಿಹಿಡಿಯುವುದರಿಂದ ಪಾವಿಗೆ ಬಗ್ಗುವುದೂ ಇಲ್ಲ. ಪೂರ್ವಜರ ಅನುಭವದ ಮೇಲೆ ನಿಂತ ಈ ಸಲಹೆಯನ್ನು ನಾನು ಸರ್ವಾನುಮತದಿಂದ ಅಂಗೀಕರಿಸಿದೆ. ಉಪ್ಪುನೀರನ್ನು ಚೆಲ್ಲಿ, ಟ್ಯಾಂಕನ್ನು ಉರುಳಿಸಿ, ಕೇರಿಯವರನ್ನೆಲ್ಲ ಶ್ರಮದಾನಕ್ಕೆ ಕರೆದೆ. ಬಂದವರು ಪಳನಿಸಾಮಿ ಒಬ್ಬರೇ. ಅವರೂ ನೋಡಲು ಬಂದವರು.

ಆದ್ದರಿಂದ ಈ ಪುರಟ್ಟಾಸಿ ತಿಂಗಳ ಮಧ್ಯಾಹ್ನ ಪಂಚೆ ಎತ್ತಿ ಕಟ್ಟಿ ಗುಂಡಿಯಲ್ಲಿ ನಿಂತು ಅಗೆಯುತ್ತಿರುವವನು ನಾನೇ. ಐಪ್ಪಸಿ ದೂರವಿಲ್ಲ, ಬಡಗಲ ಆಕಾಶ ಆಗಲೇ ಕಪ್ಪಾಗುತ್ತಿದೆ. ಪಳನಿಸಾಮಿ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, "ಒಂದು ಮನೆಗೆ ಎಷ್ಟು ದೊಡ್ಡ ಟ್ಯಾಂಕು ಸರಿಂಗ ಸಾರ್?" ಎಂದು ಕೇಳಿದರು. ಶ್ರೋತೃವೊಬ್ಬ ತಾನಾಗಿ ಬಂದು ಪ್ರಶ್ನೆ ಕೇಳುವುದು ನನ್ನಂಥವನಿಗೆ ಅಪರೂಪದ ಭಾಗ್ಯ. ಹಾರೆಯನ್ನು ಊರಿ, ಬೆವರು ಒರೆಸಿಕೊಂಡು, "ಈ ಪ್ರಶ್ನೆಯನ್ನು ನಾವು ಎರಡು ದೃಷ್ಟಿಗಳಿಂದ ನೋಡಬೇಕಾಗುತ್ತದೆ" ಎಂದು ಆರಂಭಿಸಿದೆ.

ಮೇಲಿನಿಂದ ಬುಟ್ಟಿ ಹಿಡಿದು ಕಾಯುತ್ತಿದ್ದ ರುಕ್ಮಿಣಿ ಬಗ್ಗಿ ನೋಡಿದಳು. "ಮಾತು ಮೇಲೆ ಬರ್ತಾ ಇದೆ," ಎಂದಳು, "ಮಣ್ಣು ಬರ್ತಾ ಇಲ್ಲ."