ಕಾಡುಗೋಡಿಯಲ್ಲೊಂದು ಜಪಾನ್ ಹುಚ್ಚು

ದೂರದ ದೇಶವೊಂದರ ಮೇಲೆ ಮನಸ್ಸಿಟ್ಟವರಿಗೆ ನಗೆಪಾಟಲು ತಪ್ಪಿದ್ದಲ್ಲ. ಆ ದೇಶ ಜಪಾನ್ ಆಗಿದ್ದು, ಮನಸ್ಸಿಟ್ಟವಳು ಕಾಡುಗೋಡಿಯ ಹಳೇ ಊರಿನ ಓಣಿಯಲ್ಲಿ ಅಜ್ಜಿ, ಅಪ್ಪ, ಅಮ್ಮನ ಜೊತೆ ಇದ್ದರಂತೂ ಬೇಡವೆಂದರೂ ಏನಾದರೊಂದು ಆಗುತ್ತಲೇ ಇರುತ್ತದೆ. ನನಗೆ ಆದವುಗಳಲ್ಲಿ ಹೇಳಬಹುದಾದವು ಇವು.

ತಿಂಗಳ ಮೊದಲ ದರ್ಶನ

ಡಿಪ್ಲೊಮಾ ಮುಗಿಸಿ ವೈಟ್‌ಫೀಲ್ಡಿನ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗಕ್ಕೆ ಸೇರಿದ್ದೆ. ನಾವು ಮಾಡುವ ವಾಲ್ವಿನ ಬಿಡಿಭಾಗಗಳು ಜಪಾನಿಗೆ ಹೋಗುತ್ತಿದ್ದವು. ಅಲ್ಲಿಯ ಗಿರಾಕಿಗಳು ಪ್ರತಿ ವರ್ಷ ಒಂದು ದೊಡ್ಡ ಕ್ಯಾಲೆಂಡರ್ ಕಳಿಸುವರು. ಅದನ್ನು ನಮ್ಮ ಮ್ಯಾನೇಜರು ತಮ್ಮ ಕ್ಯಾಬಿನ್ನಿನಲ್ಲಿ, ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ನೇತುಹಾಕಿದ್ದರು.

ಒಂದು ದಿನ ರಿಪೋರ್ಟಿಗೆ ಸಹಿ ಹಾಕಿಸಲು ಹೋದಾಗ ಆ ಚಿತ್ರ ಕಣ್ಣಿಗೆ ಬಿತ್ತು. ಒಬ್ಬ ಮುದುಕಿ ಮಂಡಿಯೂರಿ ಕೂತು, ಟೀ ಬಟ್ಟಲನ್ನು ಎರಡೂ ಕೈಯಲ್ಲಿ ಎಳೆಗೂಸನ್ನು ಹಿಡಿದಂತೆ ಹಿಡಿದು ಅತಿಥಿಗೆ ಕೊಡುತ್ತಿದ್ದಳು. ನಮ್ಮ ಕ್ಯಾಂಟೀನಿನಲ್ಲಿ ಟೀ ಲೋಟವನ್ನು ಕೌಂಟರಿನ ಮೇಲೆ ಜಾರಿಸಿ ಬಿಡುತ್ತಿದ್ದರು, ಹಿಡಿದರೆ ನಮ್ಮದು, ಬಿಟ್ಟರೆ ನೆಲದ್ದು. ಒಂದು ಬಟ್ಟಲು ಟೀಗೆ ಇಷ್ಟು ಮರ್ಯಾದೆ ಕೊಡುವ ಜನ ಉಳಿದದ್ದಕ್ಕೆಲ್ಲ ಎಷ್ಟು ಕೊಡಬಹುದು ಅನ್ನಿಸಿತು. ಆ ದೇಶಕ್ಕೆ ಹೋಗಿ, ಅಲ್ಲಿಯ ಭಾಷೆ, ಬದುಕು ಎಲ್ಲವನ್ನೂ ಕೂತು ಓದಬೇಕು ಎಂಬ ಆಸೆ ಹುಟ್ಟಿದ್ದು ಆ ಕ್ಯಾಬಿನ್ನಿನಲ್ಲೇ.

ಆಗ ನನ್ನ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು. ಜಪಾನ್ ನೋಡಬೇಕೆಂದರೆ ಮ್ಯಾನೇಜರ ಗೋಡೆಯೇ ಗತಿ. ಹಾಗಾಗಿ ಪ್ರತಿ ತಿಂಗಳ ಮೊದಲ ದಿನ ಏನಾದರೊಂದು ನೆಪ ಮಾಡಿ ಒಳಗೆ ಹೋಗುವೆ, ಅವರ ತಲೆಯ ಮೇಲಿಂದ ಹೊಸ ಚಿತ್ರ ನೋಡುವೆ, ಒಂದು ಕ್ಷಣ ಮೈಮರೆಯುವೆ, ಬರುವೆ.

ವರ್ಷದ ಮಧ್ಯೆ ಮ್ಯಾನೇಜರು ಎಲ್ಲರೆದುರು ನನ್ನನ್ನು ಹೊಗಳಿದರು. "ಈ ಕಾಲದಲ್ಲಿ ಇಂಥ ಹುಡುಗಿ ಸಿಗಲ್ಲ ಕಣ್ರೀ. ತಿಂಗಳು ಶುರುವಾದ್ರೆ ಸಾಕು, ನನ್ನ ಕ್ಯಾಬಿನ್ನಿಗೆ ಬಂದು ದೇವರ ಫೋಟೋ ನೋಡಿ ಕಣ್ತುಂಬ್ಕೊಂಡು ಹೋಗ್ತಾಳೆ."

ಕ್ಯಾಲೆಂಡರಿನ ಪಕ್ಕದಲ್ಲಿ ಗಣೇಶನ ಫೋಟೋ ಇತ್ತೆಂಬುದು ನನಗೆ ಗೊತ್ತಾದದ್ದೇ ಆವತ್ತು. ಆ ವರ್ಷದಿಂದ ಫ್ಯಾಕ್ಟರಿಯ ಆಯುಧಪೂಜೆ ನನ್ನ ತಲೆಗೆ ಬಂತು. ಜಪಾನಿನ ಹಿಮ ನೋಡಲು ಹೋದವಳು ಲೇತ್ ಮೆಷಿನ್ನಿಗೆ ಚೆಂಡುಹೂವಿನ ಹಾರ ಅಳತೆ ಮಾಡುತ್ತಾ ನಿಂತೆ.

ಕಾಫಿ ಕೊಟ್ಟ ಮೇಲೆ

ಮಾರತ್ತಹಳ್ಳಿಯಲ್ಲಿ ಒಂದು ಬೇಕರಿಯ ಮೇಲೆ ಭಾನುವಾರಗಳಲ್ಲಿ ಜಪಾನಿ ಭಾಷೆಯ ಕ್ಲಾಸು ನಡೆಯುತ್ತಿತ್ತು. ಸೇರಿಕೊಂಡೆ. ಟೀಚರು ನಮ್ಮ ಕಡೆಯವರೇ, ಗಂಡನ ಕೆಲಸದಿಂದ ಅಲ್ಲಿ ಇದ್ದು ಬಂದವರು. ಭಾಷೆಯ ಜೊತೆಗೆ ಅಲ್ಲಿಯವರು ಕೂರುವ ಬಗೆಯನ್ನೂ ಕಲಿಸಿದರು. ಕಾಲು ಹಿಂದಕ್ಕೆ ಮಡಿಚಿ, ಹಿಮ್ಮಡಿಯ ಮೇಲೆ ಕೂತು, ಬೆನ್ನು ನೆಟ್ಟಗಿಡಬೇಕು. "ದಿನಾ ಅಭ್ಯಾಸ ಮಾಡಿ. ಅಲ್ಲಿ ಹೋದ್ಮೇಲೆ ಒದ್ದಾಡಬೇಡಿ" ಅಂದರು.

ಅದೇ ಹೊತ್ತಿಗೆ ಹೊಸಕೋಟೆ ಕಡೆಯಿಂದ ನನ್ನನ್ನು ನೋಡಲು ಗಂಡಿನವರು ಬಂದರು. ಬೇಡ ಅಂದರೆ ಅಪ್ಪ ಕೇಳಲಿಲ್ಲ. "ನೋಡ್ಕೊಂಡು ಹೋಗ್ತಾರೆ ಅಷ್ಟೇ, ಕಚ್ಕೊಂಡು ಹೋಗ್ತಾರಾ?" ಅಂದರು. ಕಾಫಿ ಕೊಟ್ಟೆ. ಚಾಪೆಯ ಮೇಲೆ ಕೂರಲು ಹೇಳಿದರು. ಹೇಗಿದ್ದರೂ ಸುಮ್ಮನೆ ಕೂರಬೇಕಲ್ಲ, ಅಭ್ಯಾಸವಾದರೂ ಆಗಲಿ ಎಂದು ಜಪಾನಿನವರ ಹಾಗೆ ಕೂತೆ. ಹುಡುಗನ ಚಿಕ್ಕಮ್ಮನಿಗೆ ಬಹಳ ಹಿಡಿಸಿತು. "ಎಷ್ಟು ವಿನಯವಾಗಿ ಕೂತವ್ಳೆ ನೋಡಿ" ಅಂದರು.

ಮಾತು ಬೆಳೆಯಿತು. ಹೊಲ, ಸೈಟು, ಯಾರ ಮನೆಯ ಯಾರು ಯಾರಿಗೆ ಏನಾಗಬೇಕು, ಎಲ್ಲ ಬಂದು ಹೋಯಿತು. ನನ್ನ ಕಾಲು ಮೊದಲು ಜುಮ್ಮೆಂದಿತು, ಆಮೇಲೆ ಇದೆಯೋ ಇಲ್ಲವೋ ತಿಳಿಯದಾಯಿತು. ಕೊನೆಗೆ ಅಮ್ಮ, "ಎದ್ದು ದೊಡ್ಡೋರಿಗೆ ನಮಸ್ಕಾರ ಮಾಡಮ್ಮ" ಅಂದಳು.

ಎದ್ದೆ ಅಂದುಕೊಂಡೆ. ಕಾಲು ಏಳಲಿಲ್ಲ, ಮೈ ಮಾತ್ರ ಎದ್ದಿತು. ನೇರವಾಗಿ ಹುಡುಗನ ತಂದೆಯ ಪಾದದ ಮೇಲೆ ಬಿದ್ದೆ. ಅವರು ಆಶೀರ್ವಾದ ಮಾಡಿದರು. ಆದರೂ ನಾನು ಏಳಲಿಲ್ಲ. ಎರಡನೇ ಸಲವೂ ಆಶೀರ್ವಾದ ಮಾಡಿದರು. ಆಮೇಲೆ ಅಪ್ಪ, ಅಮ್ಮ ರಟ್ಟೆ ಹಿಡಿದು ಎತ್ತಬೇಕಾಯಿತು.

ಗಂಡಿನವರು ಚಪ್ಪಲಿ ಮೆಟ್ಟುವಾಗ ಚಿಕ್ಕಮ್ಮ ತಗ್ಗಿದ ದನಿಯಲ್ಲಿ ಹೇಳಿದ್ದು ಒಳಗಿದ್ದ ನನಗೂ ಕೇಳಿತು. "ಹುಡುಗಿ ಲಕ್ಷಣವಾಗವ್ಳೆ. ಕಾಲಿಂದು ಮೊದ್ಲೇ ಹೇಳ್ಬೋದಿತ್ತು."

ಆಮೇಲೆ ಬಂದ ಎರಡು ಸಂಬಂಧಗಳಿಗೆ ನಾನು ಬೇಕಂತಲೇ ಹಾಗೆ ಕೂತೆ.

ಮತ್ತೆ

ಕ್ಲಾಸಿನಲ್ಲಿ ನನ್ನ ಜೊತೆ ಬಿಜಾಪುರ ಕಡೆಯವರೊಬ್ಬರು ಕಲಿಯುತ್ತಿದ್ದರು. ಭಾರಿ ಶಿಸ್ತಿನ ಮನುಷ್ಯ. ಫೋನಿನಲ್ಲಿ ಜಪಾನಿ ಭಾಷೆಯಲ್ಲೇ ಮಾತಾಡಬೇಕೆಂದು ಟೀಚರು ಹೇಳಿದ ಮೇಲೆ ಅವರು ನನ್ನ ಜೊತೆ ಕನ್ನಡ ಆಡುವುದನ್ನೇ ಬಿಟ್ಟರು. ನಾನು ಎರಡು ವಾಕ್ಯ ಜಪಾನಿ ಆಡಿ ಮೂರನೆಯದಕ್ಕೆ ಕನ್ನಡಕ್ಕೆ ಜಾರುತ್ತಿದ್ದೆ.

ಹೊಸಕೋಟೆಯ ಗಂಡಿನವರು ಬಂದು ಹೋದ ಮಾರನೇ ದಿನ ಸಂಜೆ ಅವರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳತೊಡಗಿದೆ. ಅವರು "ಮತ್ತೆ" ಅಂದರು. ಹೇಳಿದೆ. ಪುನಃ "ಮತ್ತೆ, ಮತ್ತೆ" ಅಂದರು. ಇಷ್ಟು ಆಸಕ್ತಿಯಿಂದ ಕೇಳುವವರು ನನಗೆ ಯಾರೂ ಸಿಕ್ಕಿರಲಿಲ್ಲ. ಚಿಕ್ಕಮ್ಮನ ಸೀರೆಯ ಬಣ್ಣದವರೆಗೂ ಬಿಡಿಸಿ ಹೇಳಿದೆ.

ಜಪಾನಿ ಭಾಷೆಯಲ್ಲಿ 'ಮತ್ತೆ' ಅಂದರೆ 'ಸ್ವಲ್ಪ ತಡಿ' ಎಂದರ್ಥ. ಅದನ್ನು ಹಿಂದಿನ ಭಾನುವಾರವೇ ಕಲಿತಿದ್ದೆ, ಆ ಹೊತ್ತಿಗೆ ಹೊಳೆಯಲಿಲ್ಲ. ಪಾಪ, ಅವರನ್ನು ಹೆಲ್ಮೆಟ್ ಇಲ್ಲವೆಂದು ಮಾರತ್ತಹಳ್ಳಿ ಬ್ರಿಜ್ಜಿನ ಕೆಳಗೆ ಟ್ರಾಫಿಕ್ ಪೊಲೀಸರು ನಿಲ್ಲಿಸಿದ್ದರು. ಬೈಕಿನ ಮೇಲಿದ್ದ ಫೋನು ಸ್ಪೀಕರಿನಲ್ಲಿತ್ತು.

ಹಠಾತ್ತನೆ ಬೇರೆ ದನಿ ಬಂತು. "ಮೇಡಂ, ಟ್ರಾಫಿಕ್ ಪೊಲೀಸ್ ಮಾತಾಡ್ತಿರೋದು."

ನಾನು ಗಾಬರಿಯಾಗಿ ಸುಮ್ಮನಾದೆ.

"ನಿಲ್ಲಿಸ್ಬೇಡಿ ಮೇಡಂ. ಇವ್ರನ್ನ ಬಿಟ್ಟು ಕಳಿಸ್ತೀನಿ. ಆ ಕಾಲಿಗೆ ಬಿದ್ದೋರನ್ನ ಆಮೇಲೆ ಯಾರು ಎತ್ತಿದ್ರು ಹೇಳ್ಬಿಡಿ."

ಕೋತಿ ಬೇಡ

ಜಪಾನಿನಿಂದ ನಮ್ಮ ಫ್ಯಾಕ್ಟರಿಯ ತಪಾಸಣೆಗೆ ಒಬ್ಬ ಹಿರಿಯ ಇಂಜಿನಿಯರು ಬಂದರು. ತೆಳ್ಳಗೆ, ಬೆಳ್ಳಗೆ, ಯಾರು ಎದುರು ಸಿಕ್ಕರೂ ಬಾಗಿ ವಂದಿಸುವವರು. ಭಾಷೆ ಬರುತ್ತದೆಂದು ನನ್ನನ್ನೇ ಅವರ ಜೊತೆ ಹಾಕಿದರು. ನನ್ನ ಸಂತೋಷ ಹೇಳತೀರದು.

ಗೇಟಿನಲ್ಲಿ ಸೆಕ್ಯುರಿಟಿಯವರು "ಗುಡ್ ಮಾರ್ನಿಂಗ್ ಸಾರ್" ಎಂದು ಸೆಲ್ಯೂಟ್ ಹೊಡೆದರು. ಒಳಗೆ ಸೂಪರ್‌ವೈಸರು "ಬನ್ನಿ ಸಾರ್" ಅಂದರು. ಮೆಷಿನ್ ನಡೆಸುವವರೆಲ್ಲ ಒಬ್ಬೊಬ್ಬರಾಗಿ ಸಾರ್, ಸಾರ್ ಅಂದರು. ಆ ಮನುಷ್ಯ ನಗುತ್ತಲೇ ಇದ್ದರೂ ಮುಖ ಸಣ್ಣಗಾಗುತ್ತಾ ಬಂತು. ಒಂದೆರಡು ಸಲ ಹಿಂದೆ ತಿರುಗಿ ನೋಡಿದರು. ಮೇಲೆ ಛಾವಣಿಯ ಶೀಟನ್ನೂ ನೋಡಿದರು.

ಮಧ್ಯಾಹ್ನ ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಬಡಿಸುವಾತ ಬಕೆಟ್ಟು, ಸೌಟು ಹಿಡಿದು ಬಂದು ಪ್ರೀತಿಯಿಂದ ಕೇಳಿದ. "ಸಾರು ಹಾಕ್ಲಾ ಸಾರ್?"

ಅವರು ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. "ಸಾರು?" ಎಂದು ಬಕೆಟ್ಟಿನ ಕಡೆ ಬೆರಳು ತೋರಿಸಿದರು.

"ಹೂಂ ಸಾರ್, ಸಾರು. ಬಿಸಿ ಐತೆ. ಈಗಿನ್ನೂ ಇಳಿಸಿದ್ದು."

ಅವರು ನನ್ನ ಕಡೆ ವಾಲಿ, ಯಾರಿಗೂ ನೋವಾಗಬಾರದು ಎಂಬ ದನಿಯಲ್ಲಿ ಜಪಾನಿಯಲ್ಲಿ ಕೇಳಿದರು. "ಬೆಳಿಗ್ಗೆಯಿಂದ ಎಲ್ಲರೂ ನನ್ನನ್ನು ಕೋತಿ ಅನ್ನುತ್ತಿದ್ದಾರೆ. ಅದು ಇಲ್ಲಿಯ ಪದ್ಧತಿ ಇರಬಹುದು, ಚಿಂತೆಯಿಲ್ಲ. ಆದರೆ ಅದನ್ನು ಊಟಕ್ಕೂ ಬಡಿಸುತ್ತೀರಾ?"

ಜಪಾನಿಯಲ್ಲಿ 'ಸಾರು' ಅಂದರೆ ಕೋತಿ. ನನಗೆ ಬರುತ್ತಿದ್ದ ಅರೆಬರೆ ಭಾಷೆಯಲ್ಲಿ ಒಂದು ಸಾರು ಮರ್ಯಾದೆಗೆ, ಇನ್ನೊಂದು ಸಾರು ಬೇಳೆ ಟೊಮೆಟೊಗೆ ಎಂದು ವಿವರಿಸುವಷ್ಟರಲ್ಲಿ ಬೆವತುಹೋದೆ. ಅರ್ಥವಾದ ಮೇಲೆ ಅವರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಭುಜ ಕುಲುಕಿಸಿ ನಕ್ಕರು. ಎರಡು ಸಲ ಹಾಕಿಸಿಕೊಂಡು ಉಂಡರು. ಅವರ 'ಸಾರು'ವಿಗೆ ಕನ್ನಡದಲ್ಲಿ ಏನನ್ನುತ್ತಾರೆಂದು ಕೇಳಿ ಬರೆದುಕೊಂಡರು.

ಹೊರಡುವ ದಿನ ನನ್ನನ್ನು ಕರೆದು, ಅವರ ಊರಿನ ಒಂದು ಕಾಲೇಜಿನಲ್ಲಿ ಪರದೇಶದವರಿಗೆ ಒಂದು ವರ್ಷದ ಭಾಷೆ, ಸಂಸ್ಕೃತಿಯ ಓದು ಇದೆ, ಆಯ್ಕೆಯಾದವರ ಖರ್ಚೆಲ್ಲ ಕಾಲೇಜಿನದೇ, ಸಂದರ್ಶನಕ್ಕೆ ಬೆಂಗಳೂರಿಗೇ ಬರುತ್ತಾರೆ, ಪ್ರಯತ್ನಿಸಿ ಅಂದರು. ಆಮೇಲೆ ಮ್ಯಾನೇಜರ ಕಡೆ ತಿರುಗಿ ಆಳವಾಗಿ ಬಾಗಿ, ತಾವು ಕಲಿತ ಕನ್ನಡವನ್ನು ಪ್ರಯೋಗಿಸಿದರು. "ತುಂಬಾ ಥ್ಯಾಂಕ್ಸ್, ಕೋತಿ."

ಎರಡು ಬಾಗಿಲು

ಸಂದರ್ಶನ ವೈಟ್‌ಫೀಲ್ಡಿನ ಒಂದು ಹೋಟೆಲಿನ ಎರಡನೇ ಮಹಡಿಯಲ್ಲಿತ್ತು. ಹಿಂದಿನ ವಾರವೆಲ್ಲ ನನಗೆ ಅನ್ನ ಸೇರಿರಲಿಲ್ಲ. ಇದು ತಪ್ಪಿದರೆ ಮುಂದಿನ ಗಂಡಿನವರ ಮುಂದೆ ಚಕ್ಕಳಮಕ್ಕಳ ಹಾಕಿ ಕೂರಬೇಕೆಂದು ಅಪ್ಪ ಆಗಲೇ ಹೇಳಿಬಿಟ್ಟಿದ್ದರು.

ಲಿಫ್ಟಿನಿಂದ ಇಳಿದರೆ ಒಂದು ಬಾಗಿಲ ಮೇಲೆ ಜಪಾನಿ ಅಕ್ಷರದ ಕಾಗದ ಅಂಟಿಸಿತ್ತು. ಮೊದಲ ಎರಡು ಅಕ್ಷರ 'ಜಪಾನ್' ಎಂದು ಓದಿದೆ. ಮುಂದಿನವು ನನಗಿನ್ನೂ ಬರುತ್ತಿರಲಿಲ್ಲ. ಓದಿದಷ್ಟಕ್ಕೇ ಹೆಮ್ಮೆಪಟ್ಟು ಬಾಗಿಲು ತಟ್ಟಿ, ಬಾಗಿ, ಒಳಗೆ ಹೋದೆ.

ಒಬ್ಬರೇ ಜಪಾನಿನವರು ಕೂತಿದ್ದರು. "ಜಪಾನ್ ಯಾಕೆ ಇಷ್ಟ?" ಎಂದು ಜಪಾನಿಯಲ್ಲಿ ಕೇಳಿದರು. ಬಾಯಿಪಾಠ ಮಾಡಿದ್ದ ಉತ್ತರವನ್ನು ತಪ್ಪಿಲ್ಲದೆ ಒಪ್ಪಿಸಿದೆ. ಅವರ ಕಣ್ಣಲ್ಲಿ ನೀರಾಡಿತು.

"ಕೈ ತೋರಿಸಿ." ತೋರಿಸಿದೆ. ಉಗುರು ನೋಡಿ ತಲೆದೂಗಿದರು. ಎಂಥ ಶುಚಿತ್ವದ ಜನ ಎಂದು ನನಗೆ ಗೌರವ ಇನ್ನೂ ಹೆಚ್ಚಾಯಿತು.

"ಮೀನು ಕತ್ತರಿಸ್ತೀರಾ?"

ನಮ್ಮ ಮನೆಯಲ್ಲಿ ಮೀನು ಅಜ್ಜಿಯ ಇಲಾಖೆ. ಆದರೆ ಅಲ್ಲಿ ಟೀ ಕೊಡುವುದೇ ಒಂದು ವಿದ್ಯೆಯಾದಾಗ ಮೀನಿಗೂ ಒಂದು ಪಾಠವಿರಬೇಕು. "ಕಲೀತೀನಿ" ಅಂದೆ.

"ದಿನವಿಡೀ ನಿಂತಿರಬೇಕಾಗುತ್ತೆ."

"ಕೂರೋದೇ ನನಗೆ ಕಷ್ಟ. ನಿಂತ್ಕೋತೀನಿ."

"ಮನೆ ಎಲ್ಲಿ?"

"ಕಾಡುಗೋಡಿ."

ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಹತ್ತಿರವೇ. ಸೋಮವಾರದಿಂದ ಬನ್ನಿ. ಇಲ್ಲೇ ಪಕ್ಕದ ಮಾಲಿನ ಮೇಲಿನ ಮಹಡಿ."

ಹೋಗುವ ಮುಂಚಿನ ತರಬೇತಿ ಇರಬೇಕೆಂದುಕೊಂಡೆ. "ಜಪಾನಿಗೆ ಯಾವಾಗ ಕಳಿಸ್ತೀರಿ?"

"ಚೆನ್ನಾಗಿ ಕೆಲಸ ಮಾಡಿ, ನೋಡೋಣ."

ಹೊರಗೆ ಬಂದು ಗೋಡೆಗೆ ಒರಗಿ ಅತ್ತುಬಿಟ್ಟೆ. ಮನೆಗೆ ಫೋನ್ ಮಾಡಿದೆ. ಅಮ್ಮ ಅತ್ತಳು, ಅಜ್ಜಿ ಓಣಿಗೆಲ್ಲ ಸಕ್ಕರೆ ಹಂಚಲು ಹೊರಟಳು. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದು ಒಬ್ಬಾಕೆ ನನ್ನ ಹೆಸರು ಕೂಗಿದರು. "ಸ್ಕಾಲರ್‌ಶಿಪ್ ಸಂದರ್ಶನ ಇಲ್ಲಿ. ಬನ್ನಿ."

ಆ ಬಾಗಿಲಿಗೂ ಅದೇ ಎರಡು ಅಕ್ಷರದ ಕಾಗದ ಅಂಟಿಸಿತ್ತು. ಇದು ಎರಡನೇ ಸುತ್ತು ಎಂದುಕೊಂಡು ಒಳಗೆ ಹೋದೆ. ಇಬ್ಬರು ಜಪಾನಿ ಪ್ರೊಫೆಸರುಗಳು, ಜೊತೆಗೆ ಬೆಂಗಳೂರಿನ ಮೇಡಂ ಒಬ್ಬರು. ಹಿರಿಯ ಪ್ರೊಫೆಸರು ಕೇಳಿದರು. "ನಮ್ಮಲ್ಲಿಗೆ ಬಂದರೆ ಏನು ಮಾಡಬೇಕೆಂದಿದ್ದೀರಿ?"

ಆಗಲೇ ಗೆದ್ದವಳ ಧೈರ್ಯದಲ್ಲಿ ಹೇಳಿದೆ. "ಮೀನು ಕತ್ತರಿಸುತ್ತೇನೆ. ದಿನವಿಡೀ ನಿಲ್ಲುತ್ತೇನೆ. ಉಗುರು ನೋಡಬೇಕಾದರೆ ನೋಡಿ." ಎಂದು ಎರಡೂ ಕೈ ಮುಂದೆ ಚಾಚಿದೆ.

ಪ್ರೊಫೆಸರುಗಳು ಮುಖ ಮುಖ ನೋಡಿಕೊಂಡರು. ಮೇಡಂ ಕನ್ನಡದಲ್ಲಿ ಕೇಳಿದರು. "ಏನಮ್ಮ, ಓದಕ್ಕೆ ಹೋಗ್ತೀಯೋ, ಹೋಟ್ಲು ಇಡಕ್ಕೆ ಹೋಗ್ತೀಯೋ? ಪಕ್ಕದ ರೂಮಲ್ಲಿ ಹೊಸ ಜಪಾನಿ ರೆಸ್ಟೋರೆಂಟಿಗೆ ಅಡುಗೆಯವ್ರನ್ನ ತಗೋತಿದಾರೆ."

ಚಾಚಿದ ಕೈಗಳನ್ನು ಹಿಂದಕ್ಕೆ ಎಳೆದುಕೊಂಡೆ. ಸುಳ್ಳು ಹೇಳಲು ಬೇಕಾದಷ್ಟು ಭಾಷೆ ನನಗೆ ಬರುತ್ತಿರಲಿಲ್ಲ. ಎರಡು ಅಕ್ಷರ ಓದಿದ್ದು, ಒಳಗೆ ಹೋದದ್ದು, ಅತ್ತದ್ದು, ಮನೆಯಲ್ಲಿ ಸಕ್ಕರೆ ಹಂಚುತ್ತಿರುವುದು, ಎಲ್ಲವನ್ನೂ ಒಡಕು ಜಪಾನಿಯಲ್ಲಿ ಹೇಳಿದೆ. ಕಿರಿಯ ಪ್ರೊಫೆಸರು ಮೇಜಿನ ಕೆಳಗೆ ಬಗ್ಗಿ ಬೀಳದ ಪೆನ್ನು ಹುಡುಕತೊಡಗಿದರು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು.

"ಅವರು ನಿಮ್ಮನ್ನು ಆರಿಸಿದರಾ?"

"ಹೌದು. ಸೋಮವಾರದಿಂದ ಬಾ ಅಂದಿದ್ದಾರೆ."

ಹಿರಿಯರು ಉಳಿದಿಬ್ಬರ ಕಡೆ ನೋಡಿ ಗಂಭೀರವಾಗಿ ಹೇಳಿದರು. "ಹಾಗಾದರೆ ನಾವು ಅದಕ್ಕೆ ಮುಂಚೆ ತೀರ್ಮಾನ ಮಾಡಬೇಕು."

ಮಾಡಿದರು. ಶನಿವಾರ ಸಂಜೆ ಫೋನು ಬಂತು. ನಾನು ಆಯ್ಕೆಯಾಗಿದ್ದೆ. ಅಪ್ಪ ಅಂಗಡಿಗೆ ಹೋಗಿ ದೊಡ್ಡ ಸೂಟ್‌ಕೇಸ್ ತಂದು ನಡುಮನೆಯಲ್ಲಿಟ್ಟರು. ಅಮ್ಮ ಅದಕ್ಕೆ ಉಪ್ಪಿನಕಾಯಿ ತುಂಬತೊಡಗಿದಳು. ಅಜ್ಜಿ ಮಾತ್ರ ಹೊಸಿಲ ಮೇಲೆ ಮಂಕಾಗಿ ಕೂತಿದ್ದಳು. ಪಕ್ಕದಲ್ಲಿ ಹೋಗಿ ಕೂತೆ.

"ಆ ಮೀನ್ ಕುಯ್ಯೋ ಕೆಲ್ಸ ಬಿಟ್ಬುಟ್ಟಾ?" ಅಂದಳು.

"ಬಿಟ್ಟೆ ಅಜ್ಜಿ. ಈಗ ನಿಜವಾದ ಜಪಾನಿಗೇ ಹೋಗ್ತಿದೀನಿ."

ಅಜ್ಜಿ ಸೆರಗಿನಿಂದ ನನ್ನ ಮುಖ ಒರೆಸಿ, ನಿಟ್ಟುಸಿರು ಬಿಟ್ಟಳು. "ಅದೇ ಜಪಾನು ವೈಟ್‌ಫೀಲ್ಡ್‌ನಾಗೇ ಸಿಕ್ತಾ ಇತ್ತು. ನಡ್ಕಂಡೋಗಿ ನಡ್ಕಂಡ್ ಬರ್ಬೋದಿತ್ತು. ಇಂಗೆ ದೂರದ್ದೇ ಆಗ್ಬೇಕು ಅಂತ ಯಾಕಮ್ಮ ಅಟ ನಿಂಗೆ?"