ಒಂದೇ ಸಲ ಅಗೆಯಿರಿ

ಯುಗಾದಿಯ ಬೆಳಿಗ್ಗೆ ಬಾಗಿಲು ತೆರೆದ ಶೇಷಾದ್ರಿಯ ಕಣ್ಣಿಗೆ ಬಿದ್ದದ್ದು ಮನೆಯೆದುರಿನ ಕಲ್ಲುಹಾಸಿನ ಮೇಲೆ ಯಾರೋ ಗೀಚಿದ್ದ ಕೆಂಪು, ಹಳದಿ, ನೀಲಿ ಗೆರೆಗಳು. ಹಬ್ಬದ ದಿನ, ಅದೂ ತನ್ನ ನೌಕರಿಯ ಹಣೆಬರಹ ತೀರ್ಮಾನವಾಗುವ ದಿನ ಬಾಗಿಲಲ್ಲೇ ಇಂಥ ಗಲೀಜೇ ಎಂದು ಅವನ ಪಿತ್ತ ನೆತ್ತಿಗೇರಿತು.

“ಕೊರೊನಾ ಅಂತ ಹುಡುಗರನ್ನ ಕಟ್ಟಿಹಾಕಿದ್ರೆ ಇದೇ ಆಗೋದು ನೋಡು,” ಎಂದು ಹೆಂಡತಿ ವತ್ಸಲಾಗೆ ಕೂಗಿ ಹೇಳಿ, ಸೋಪಿನ ನೀರು, ಬ್ರಷ್ಷು ತಂದು ಬಗ್ಗಿ ಉಜ್ಜತೊಡಗಿದ. ಬಣ್ಣವೂ ಹಟಮಾರಿ, ಅವನೂ ಹಟಮಾರಿ. ಕೊನೆಗೆ ಅವನೇ ಗೆದ್ದ. ತೊಳೆದ ಜಾಗ ಸಿಕ್ಕಿದ್ದೇ ತಡ ವತ್ಸಲಾ ಚುಕ್ಕಿಯಿಟ್ಟು, ಎಳೆಗೆ ಎಳೆ ಹೆಣೆದು, ಊರಿಂದ ತಂದಿದ್ದ ಕೆಂಪು, ಹಳದಿ, ನೀಲಿ ಪುಡಿಗಳಲ್ಲಿ ಬೀದಿಯಂಚಿನವರೆಗೂ ರಂಗೋಲಿ ಬಿಟ್ಟಳು.

ಬೇವು ಬೆಲ್ಲದ ಬಟ್ಟಲು ಮುಂದೆ ಹಿಡಿದರೆ ಶೇಷಾದ್ರಿ ಕೈ ಅಡ್ಡ ಮಾಡಿದ. “ಮೀಟಿಂಗ್ ಮುಗೀಲಿ ಕಣೇ. ಒಳ್ಳೆ ಸುದ್ದಿ ಜೊತೆ ಒಂದೇ ಸಲ ತಿಂತೀನಿ.”

ಒಂದೇ ಸಲ ಎನ್ನುವುದು ಅವನ ಮಂತ್ರ. ನೆದರ್ಲೆಂಡ್ಸಿನಲ್ಲಿ ತಂತಿಗಳೆಲ್ಲ ನೆಲದಡಿ ಸೇರಿ ಎಷ್ಟೋ ಕಾಲವಾಗಿದ್ದರೂ ನ್ಯೂವೆಗೈನ್ ಊರಿನ ಕಾಲುವೆ ಪಕ್ಕದ ಈ ಹಳೆಯ ಬೀದಿ ಮಾತ್ರ ಕಂಬಗಳನ್ನು ಬಿಟ್ಟಿರಲಿಲ್ಲ. ಹಿಂದಿನ ವರ್ಷ ಗ್ಯಾಸಿನವರು ಬಂದು ಅಗೆದು ಮುಚ್ಚಿದರು. ಕಲ್ಲು ಕೂರುವ ಮೊದಲೇ ಚರಂಡಿಯವರು ಅಗೆದರು. ಇನ್ನು ಕರೆಂಟಿನ ತಂತಿ ಹೂಳಲು ಒಂದು ಸಲ, ಇಂಟರ್ನೆಟ್ಟಿಗೆ ಇನ್ನೊಂದು ಸಲ ಎಂದು ಕೇಳಿದಾಗ ಶೇಷಾದ್ರಿ ಸಿಡಿದೆದ್ದ. ಮೈಸೂರಿನಲ್ಲಿ ಹೀಗಾದರೆ ನಮ್ಮವರೇ ಎಂದು ಬೈದು ಸುಮ್ಮನಾಗಬಹುದು. ಸಂಬಳದ ಅರ್ಧ ತೆರಿಗೆಗೆ ಮುರಿದುಕೊಳ್ಳುವ ಈ ದೇಶಕ್ಕೇನು ಬಂದಿದೆ ರೋಗ? ನಗರಸಭೆಯ ಬೆನ್ನು ಬಿಡದೆ ಬರೆದು, ಬೀದಿಯವರ ಸಹಿ ಹಾಕಿಸಿ, ಎಲ್ಲ ಕಂಪನಿಗಳೂ ಕೂಡಿ ಒಂದೇ ದಿನ ಒಂದೇ ಗುಂಡಿ ತೋಡಬೇಕೆಂದು ಒಪ್ಪಿಸಿದ. ಆ ದಿನವೇ ಇವತ್ತು. ಹನ್ನೊಂದಕ್ಕೆ ಇಂಟರ್ನೆಟ್ಟಿನ ಹಳೆಯ ತಂತಿ ಕಡಿದು, ಒಂದು ಗಂಟೆಗೆ ಹೊಸದು ಜೋಡಿಸುವರು. ಎರಡಕ್ಕೆ ಆಫೀಸಿನ ಬಾಸ್ ಮಾರ್ಲೇನ್ ಜತೆ ವಿಡಿಯೊ ಮೀಟಿಂಗ್. ಜೂನಿಗೆ ಅವನ ಕಾಂಟ್ರ್ಯಾಕ್ಟು ಮುಗಿಯುತ್ತಿತ್ತು. ಅದು ಮುಂದುವರಿಯದಿದ್ದರೆ ಇಲ್ಲಿರುವ ಪರ್ಮಿಟ್ಟೂ ಮುಗಿದಂತೆ.

“ಹೊಸದು ಬಂದ್ಮೇಲೆ ಹಳೇದು ಕೀಳಿ ಅನ್ನಬಾರದಾ?” ಎಂದು ವತ್ಸಲಾ ಮೊದಲೇ ಕೇಳಿದ್ದಳು.

“ಆಗ ಎರಡು ಸಲದ ಕೆಲಸ ಆಗತ್ತೆ. ಇದು ತತ್ವದ ಪ್ರಶ್ನೆ.”

ಹನ್ನೊಂದಕ್ಕೆ ಸರಿಯಾಗಿ ತಂತಿ ಕಡಿದರು. ಬೀದಿಯ ಇಂಟರ್ನೆಟ್ಟು ಪ್ರಾಣ ಬಿಟ್ಟಿತು. ಅಗೆಯುವ ಯಂತ್ರ ಬೀದಿಯ ಆ ತುದಿಯಿಂದ ಗುಡುಗುತ್ತ ಬಂದು ಶೇಷಾದ್ರಿಯ ಬಾಗಿಲೆದುರು ನಿಂತುಬಿಟ್ಟಿತು. ಕೆಲಸದ ಮೇಸ್ತ್ರಿ ಕೀಸ್ ಕೆಳಗಿಳಿದು, ಟೊಪ್ಪಿ ತೆಗೆದು, ರಂಗೋಲಿಯನ್ನು ಸುತ್ತು ಹಾಕಿ ನೋಡಿದ.

ಶೇಷಾದ್ರಿ ಮೇಲಿನ ಕೋಣೆಯಿಂದ ಇಳಿದು ಬರುವಷ್ಟರಲ್ಲಿ ಪಕ್ಕದ ಮನೆಯ ಗುರುವಪ್ಪ ಅಲ್ಲಿದ್ದರು. ಮಂಗಳೂರಿನವರು, ಹೂಫ್‌ಡಾರ್ಪ್‌ನ ವಿಮಾನ ಕಂಪನಿಯೊಂದರಲ್ಲಿ ಕೆಲಸ. ವಿಮಾನಗಳೆಲ್ಲ ನೆಲಕ್ಕಿಳಿದ ಮೇಲೆ ಬೀದಿಯ ಉಸಾಬರಿಯೇ ಅವರ ಪೂರ್ಣಾವಧಿ ಉದ್ಯೋಗವಾಗಿತ್ತು.

“ನಾನು ಹೇಳಿದ್ದೇನೆ ಮಾರಾಯ್ರೆ,” ಎಂದರು ಗುರುವಪ್ಪ ಅಭಯ ಕೊಡುವವರಂತೆ. “ಇದನ್ನು ಮುಟ್ಟಬೇಡಿ, ಇದು ಲಕ್ಷ್ಮಿ ಒಳಗೆ ಬರುವ ದಾರಿ ಅಂತ.”

“ಲಕ್ಷ್ಮಿ ಯಾವ ಕಂಪನಿ?” ಎಂದು ಕೀಸ್ ಗಂಭೀರವಾಗಿ ಕೇಳಿದ. “ನಮ್ಮ ನಕ್ಷೆಯಲ್ಲಿ ಅವರ ಲೈನೇ ಇಲ್ಲ. ಕೆಂಪು ಅಂದರೆ ಕರೆಂಟು, ಹಳದಿ ಗ್ಯಾಸು, ನೀಲಿ ನೀರು. ಅಗೆಯೋ ಮುಂಚೆ ನೆಲದಡಿ ಏನಿದೆ, ಏನು ಬರತ್ತೆ ಅಂತ ನಾವೇ ಗುರುತು ಹಾಕಿಸ್ತೀವಿ. ಇಲ್ಲಿ ಮೂರೂ ಒಂದಕ್ಕೊಂದು ಗಂಟು ಹಾಕ್ಕೊಂಡಿವೆ. ಇದರ ಮೇಲೆ ಯಂತ್ರ ಇಳಿಸಿದರೆ ಬೀದಿನೇ ಹಾರಿಹೋಗತ್ತೆ.”

ಆರು ತಿಂಗಳು ಅಗೆತದ ಬಗ್ಗೆ ಊರಿಗೆಲ್ಲ ಪಾಠ ಹೇಳಿದ ಶೇಷಾದ್ರಿಗೆ ಅಗೆಯುವ ಮೊದಲು ಗುರುತು ಹಾಕುವರೆಂಬುದೇ ಗೊತ್ತಿರಲಿಲ್ಲ.

“ಇದು ಬರೀ ರಂಗೋಲಿ. ನನ್ನ ಹೆಂಡತಿ ಹಾಕಿದ್ದು. ಅಳಿಸಿ, ಅಗೀರಿ,” ಎಂದ.

“ಹಾಗಾದರೆ ನಮ್ಮ ಗುರುತು ಎಲ್ಲಿ?”

ಬಾಗಿಲ ಪಕ್ಕದಲ್ಲಿದ್ದ ಬಕೆಟ್ಟು ಮತ್ತು ಬ್ರಷ್ಷಿನ ಕಡೆ ಗುರುವಪ್ಪ ಬೆರಳು ತೋರಿಸಿದರು.

ಕೀಸ್ ಗ್ಯಾಸು, ಚರಂಡಿ, ಕರೆಂಟಿನವರಿಗೆಲ್ಲ ಫೋನು ಮಾಡಿದ. ಒಬ್ಬೊಬ್ಬರೂ ಬಂದು, ನೋಡಿ, ತಲೆಯಾಡಿಸಿ, ಕಾಫಿ ಕುಡಿದರು. ಒಂದು ಗಂಟೆ ದಾಟಿತು. ಬೀದಿಯವರು ಕಿಟಕಿಗಳಲ್ಲಿ ನಿಂತು ಇಂಟರ್ನೆಟ್ಟು ಯಾವಾಗ ಎಂದು ಶೇಷಾದ್ರಿಯನ್ನೇ ಕೇಳತೊಡಗಿದರು. ಸಹಿ ಹಾಕಿಸಿಕೊಂಡವನು ಅವನೇ ತಾನೆ? ಎರಡಕ್ಕೆ ಸ್ವಲ್ಪ ಮುಂಚೆ ಕೀಸ್ ತೀರ್ಪು ಕೊಟ್ಟ.

“ನಿಮ್ಮ ಬಾಗಿಲು ಬಿಟ್ಟು ಆಚೆ ಬದಿಯಿಂದ ಬೇರೆಯವರಿಗೆಲ್ಲ ಸಂಜೆಗೆ ಜೋಡಿಸ್ತೀವಿ. ನಿಮ್ಮದು ಮತ್ತೆ ಅಳೆದು ಗುರುತು ಹಾಕಬೇಕು. ಮೊದಲು ಗ್ಯಾಸಿನವರು ಕೈಯಲ್ಲಿ ಅಗೆದು ನೋಡ್ತಾರೆ. ಆಮೇಲೆ ಒಂದಿನ ಚರಂಡಿ. ಆಮೇಲೆ ಕರೆಂಟು. ಇಂಟರ್ನೆಟ್ಟು ಕೊನೆಗೆ.”

“ಅಂದರೆ ನಾಲ್ಕು ಸಲ?”

“ನಿಮಗೊಬ್ಬರಿಗೆ ಮಾತ್ರ.”

ಬೀದಿಯವರೆಲ್ಲ ಮೊಬೈಲಿಗೆ ಜೋತುಬಿದ್ದಿದ್ದರಿಂದ ಮನೆಯೊಳಗೆ ಸಿಗ್ನಲ್ಲೇ ಇರಲಿಲ್ಲ. ಮೇಲೆ ಕೋಟು, ಕೆಳಗೆ ಹಬ್ಬದ ಪಂಚೆ ಉಟ್ಟ ಶೇಷಾದ್ರಿ ಕೆಲಸದವರು ಸುರಿದಿದ್ದ ಮರಳಿನ ಗುಡ್ಡೆ ಹತ್ತಿ ಫೋನು ಎತ್ತಿ ಹಿಡಿದ. ತೆರೆಯ ಮೇಲೆ ಮಾರ್ಲೇನ್ ಮೂಡಿದಳು.

“ಇದೇನು, ಎಲ್ಲಿದ್ದೀರಿ?”

ಅಷ್ಟು ಕೇಳಿದ್ದೇ ಸಾಕಾಯಿತು. ಬೆಳಗಿನಿಂದ ಒಳಗೆ ಕುದಿಯುತ್ತಿದ್ದುದೆಲ್ಲ ಉಕ್ಕಿತು. ಅಗೆಯುವುದು, ಮುಚ್ಚುವುದು, ಮತ್ತೆ ಅಗೆಯುವುದು ಯಾವ ನ್ಯಾಯ ಎಂದು ಕೇಳಿದ. ತಾನು ಹೇಗೆ ಎಲ್ಲರನ್ನೂ ಒಂದೇ ಗುಂಡಿಗೆ ತಂದೆನೆಂದು ವಿವರಿಸಿದ. “ಮಾಡಿದರೆ ಎಲ್ಲ ಒಟ್ಟಿಗೆ ಮಾಡಬೇಕು, ಇಲ್ಲ ಅಂದರೆ ಅಲ್ಲೀತನಕ ಮುಟ್ಟಲೇಬಾರದು,” ಎಂದು ಗಾಳಿಯಲ್ಲಿ ಕೈ ಬೀಸಿದ. ಬೀಸಿದ ರಭಸಕ್ಕೆ ಮರಳು ಜಾರಿ ಮೊಣಕಾಲವರೆಗೆ ಹೂತುಹೋದ.

ಮಾರ್ಲೇನ್ ಕದಲದೆ ಕೇಳಿದಳು. ಅವಳ ಕಣ್ಣು ಹೊಳೆಯುತ್ತಿತ್ತು. ಶೇಷಾದ್ರಿಗೂ ಧೈರ್ಯ ಬಂತು.

“ನನ್ನ ಕಣ್ಣು ತೆರೆಸಿದಿರಿ,” ಎಂದಳು. “ನಿಮ್ಮ ಕಾಂಟ್ರ್ಯಾಕ್ಟು ಇವತ್ತೇ ಮುಂದುವರಿಸೋಣ ಅಂತಿದ್ದೆ. ಆದರೆ ಸೆಪ್ಟೆಂಬರಲ್ಲಿ ವಿಭಾಗಗಳೆಲ್ಲ ಬದಲಾಗ್ತಿವೆ, ಆಫೀಸೂ ರೈಸ್‌ವೈಕ್‌ಗೆ ಹೋಗ್ತಿದೆ. ಆಗ ಮತ್ತೆ ಹೊಸ ಕಾಂಟ್ರ್ಯಾಕ್ಟು ಬರೀಬೇಕು. ನೀವು ಹೇಳಿದ ಹಾಗೆ ಅಗೆದು ಮುಚ್ಚಿ ಮತ್ತೆ ಅಗೆಯೋದು ಯಾಕೆ? ಜೂನಿಗೆ ಇದನ್ನ ಮುಗಿಯೋಕೆ ಬಿಟ್ಟು, ಸೆಪ್ಟೆಂಬರಲ್ಲಿ ಎಲ್ಲ ಒಂದೇ ಸಲ ನೋಡೋಣ.”

“ಅಲ್ಲ, ನನ್ನ ಪರ್ಮಿಟ್ಟು...” ಎನ್ನುವಷ್ಟರಲ್ಲಿ ಅವಳ ನಗುಮುಖ ತೆರೆಯ ಮೇಲೆ ಹೆಪ್ಪುಗಟ್ಟಿ, ಸಿಗ್ನಲ್ಲು ಹೋಯಿತು.

ಗುರುವಪ್ಪ ಬಂದು ಅವನನ್ನು ಮರಳಿನಿಂದ ಎಳೆದರು. “ಬಾಸ್ ಖುಷಿಯಾದ ಹಾಗೆ ಕಂಡಿತಲ್ಲ?”

“ತುಂಬಾ,” ಎಂದ ಶೇಷಾದ್ರಿ.

ಬಾಗಿಲಲ್ಲಿ ವತ್ಸಲಾ ಬಟ್ಟಲು ಹಿಡಿದು ನಿಂತಿದ್ದಳು. ಎಲ್ಲವನ್ನೂ ಅವಳು ಕೇಳಿಸಿಕೊಂಡಿದ್ದಳು. ಬೆಲ್ಲವನ್ನು ಪಕ್ಕಕ್ಕೆ ಸರಿಸಿ, ಒಣಗಿದ ಬೇವಿನೆಲೆಗಳನ್ನಷ್ಟೇ ಆರಿಸಿ ಗಂಡನ ಅಂಗೈಗೆ ಹಾಕಿದಳು.

“ಸದ್ಯಕ್ಕೆ ಇದು ತಿನ್ನಿ,” ಎಂದಳು. “ಬೆಲ್ಲ ಸೆಪ್ಟೆಂಬರಲ್ಲಿ ಒಂದೇ ಸಲ ಕೊಡ್ತೀನಿ.”